ಸೂರ್ಯನ ಗಾಳಿಯಲ್ಲಿ ಹೋದ ದನಿ

ಗಜೇಂದ್ರಗಡದ ಅಬ್ದುಲಮಜೀದನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಚಟವಿತ್ತು. ಬೀಡಿಯ ಚಟ ಬಿಡಿಸಬಹುದು, ಇಸ್ಪೀಟಿನ ಚಟವನ್ನೂ ಬಿಡಿಸಬಹುದು, ಇದನ್ನು ಬಿಡಿಸುವುದು ಯಾರಿಂದ ಆದೀತು? ಲಗ್ನವಾದ ಹೊಸದರಲ್ಲಿ, ಹೆಂಡತಿ ರಹಿಮತಬಿ ತವರಿನಿಂದ ತಂದ ಗೋಡೆ ಗಡಿಯಾರ ಸ್ವಲ್ಪ ಹಿಂದೆ ಬಿತ್ತೆಂದು ಅದನ್ನು ಚಾಪೆಯ ಮೇಲೆ ಹರವಿಕೊಂಡು ಕುಳಿತ ಪುಣ್ಯಾತ್ಮ ಅವನು. ಗಡಿಯಾರವೇನೋ ಮತ್ತೆ ಕೂಡಿತು, ನಡೆಯಿತು ಕೂಡ. ಆದರೆ ಒಂದು ಸಣ್ಣ ಗಾಲಿ ಹೊರಗೇ ಉಳಿದುಬಿಟ್ಟಿತು. ರಹಿಮತಬಿ ಆ ಗಾಲಿಯನ್ನು ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಹೊಟ್ಟೆಪಾಡಿಗೆ ಅವನದು ರೇಡಿಯೋ ರಿಪೇರಿ. ಹನಮಪ್ಪನ ಹಿಟ್ಟಿನ ಗಿರಣಿಯ ಎದುರಿಗೆ ಸಣ್ಣ ಅಂಗಡಿ, ಅಂಗಡಿಯ ಬೆನ್ನಿಗೇ ಎರಡು ಕೋಣೆಯ ಮನೆ. ಒಂದು ಕಾಲದಲ್ಲಿ ರೋಣ, ನರಗುಂದ, ರಾಜೂರ ಎಂದು ಸುತ್ತಲಿನ ಊರುಗಳಿಂದ ಕೈಚೀಲದಲ್ಲಿ ಸುತ್ತಿಕೊಂಡು ರೇಡಿಯೋ ತರುತ್ತಿದ್ದರು. ಆಮೇಲೆ ಟೀವಿ ಬಂತು, ಮೊಬೈಲೂ ಬಂತು, ಮಜೀದನ ಅಂಗಡಿಗೆ ಬರುವವರು ದೇಶಾವರಿ ಮಾತಿಗೆ ಬರುವವರಷ್ಟೇ ಆದರು. ಮಕ್ಕಳಿರಲಿಲ್ಲ. ಸಂಜೆ ಗಂಡಹೆಂಡಿರು ಶಾರ್ಟ್ ವೇವ್ ಹಾಕಿಕೊಂಡು ದೂರದ ದೇಶಗಳ ಹಾಡು ಕೇಳುತ್ತ ಕೂರುತ್ತಿದ್ದರು.

ಶಾರ್ಟ್ ವೇವಿನ ಗುಣ ಗೊತ್ತಿದ್ದವರಿಗೆ ಗೊತ್ತು. ಈಗ ಎದುರಿಗೇ ಕುಳಿತು ಹಾಡಿದಂತೆ ಕೇಳುತ್ತದೆ, ಮರುಗಳಿಗೆ ಬಾವಿಯೊಳಗೆ ಇಳಿದು ಹೋಗುತ್ತದೆ. ಇಳಿಯಿತೋ ಇಲ್ಲವೋ, ಮಜೀದನ ಕೈ ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಆಗ ರಹಿಮತಬಿಯ ಮಾತು ತಪ್ಪಿದ್ದೇ ಇಲ್ಲ.

"ಸ್ವಲ್ಪ ತಡೀರಿ. ತಾನ ಬರ್ತೈತಿ."

ಮನೆಯಲ್ಲಿ ಅವರು ಆಡುತ್ತಿದ್ದದ್ದು ಉರ್ದು. ಆದರೆ ಗಂಡನನ್ನು ಬೈಯಲು, ಅವನನ್ನು ಕೆಣಕಿ ಚ್ಯಾಷ್ಟಿ ಮಾಡಲು ರಹಿಮತಬಿಗೆ ನಳದ ಹತ್ತಿರ ಕಲಿತ ಕನ್ನಡವೇ ಬೇಕು. ಅವಳು ಕನ್ನಡಕ್ಕೆ ಹೊರಳಿದಳೆಂದರೆ ಮಜೀದ ಅರ್ಧ ಹೆದರುತ್ತಿದ್ದ, ಅರ್ಧ ನಗುತ್ತಿದ್ದ. ಹೇಳಬೇಕೆಂದರೆ ಅವನ ಜನ್ಮದ ಸುಖವೆಲ್ಲ ಆ ಕನ್ನಡದಲ್ಲಿತ್ತು. ಅದು ಅವನಿಗೆ ತಿಳಿದದ್ದು ತೀರ ತಡವಾಗಿ.

ರಹಿಮತಬಿ ಅಡುಗೆಯಲ್ಲಿ ಹೆಸರಾದವಳು. ಲಗ್ನದ ಮನೆಗಳಲ್ಲಿ ಅವಳ ಕೈಯ ದಾಲ್ಚಾ ಉಂಡವರು ಬೆರಳು ನೆಕ್ಕುತ್ತಲೇ ಮನೆಗೆ ಹೋಗುತ್ತಿದ್ದರು. ನರಗುಂದದ ಮಾಸುಮಬಿ ಎಂಬವಳು ಮಸ್ಕತ್ತಿನ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದಳು. ಅದೇ ಮನೆಗೆ ಅಡುಗೆಯವಳು ಬೇಕೆಂದು ಅವಳು ಹೇಳಿ ಕಳಿಸಿದಾಗ ರಹಿಮತಬಿ ಹೊರಟು ನಿಂತಳು. ಎರಡು ವರ್ಷ ದುಡಿದು ಬಂದರೆ ಅಂಗಡಿಯನ್ನು ಬೇರೆ ಏನಾದರೂ ಮಾಡಬಹುದು ಎಂಬುದು ಅವಳ ಲೆಕ್ಕ. ಮಜೀದನಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಹೆಂಡತಿ ಪರದೇಶದಲ್ಲಿ ಒಲೆ ಊದುವುದು, ತಾನು ಇಲ್ಲಿ ಕುಳಿತು ತಿನ್ನುವುದು.

"ಹೋದಿ ಅಂದ್ರ ನಿಂದು ನಂದು ಮಾತು ಮುಗೀತು," ಎಂದ.

ಅವಳು ಹೋದಳು. ೨೦೦೩ರ ಬೇಸಿಗೆ. ಬಸ್ಸು ಅಂಗಡಿಯ ಮುಂದೆಯೇ ಹಾಯುವುದು ಅವನಿಗೆ ಗೊತ್ತಿತ್ತು. ಬಸ್ಸು ಬಂದಾಗ ಮಜೀದ ಒಂದು ರೇಡಿಯೋದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕುಳಿತಿದ್ದ. ಕಿಟಕಿಯಿಂದ ಕುತ್ತಿಗೆ ಚಾಚಿ ರಹಿಮತಬಿ ಗಿರಣಿ ದಾಟುವವರೆಗೂ ಹಿಂದಿರುಗಿ ನೋಡುತ್ತಿದ್ದಳೆಂದು ಆಮೇಲೆ ಹನಮಪ್ಪ ಹೇಳಿದ. ಕೇಳಿಸಲಿಲ್ಲವೇನೋ ಎಂಬಂತೆ ಮಜೀದ ಬೆಸುಗೆ ಕಡ್ಡಿ ಒರೆಸುತ್ತ ಕುಳಿತ.

ಪ್ರತಿ ಶುಕ್ರವಾರ ಗಿರಣಿಯ ಫೋನಿಗೆ ಅವಳ ಕರೆ ಬರುತ್ತಿತ್ತು. ಹನಮಪ್ಪ ಹಿಟ್ಟು ಬಡಿದ ಮುಖದಲ್ಲಿ ಬಾಗಿಲಿಗೆ ಬಂದು ಕೂಗುತ್ತಿದ್ದ. "ಮಜೀದಾ, ಫೋನ್ ಬಂದೈತೋ." ಮಜೀದ ತಲೆ ಎತ್ತದೆ, "ಕೆಲಸ ಐತಿ ಅಂತ ಹೇಳ," ಎನ್ನುತ್ತಿದ್ದ. ಯಾವ ಕೆಲಸ? ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೂ ಇರಲಿಲ್ಲ. ಮೊದಮೊದಲು ಸಿಟ್ಟಿನಿಂದ ಹೋಗಲಿಲ್ಲ. ಆಮೇಲೆ ಇಷ್ಟು ದಿನ ಹೋಗದವನು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಹೋಗಲಿಲ್ಲ. ಗಂಡಸರ ಸೆಡವು ಹೀಗೇ ಇರುತ್ತದೆ, ಒಳಗಿನ ಸಿಟ್ಟು ಕರಗಿ ಎಷ್ಟೋ ದಿನವಾದರೂ ಮೇಲಿನ ಸಿಪ್ಪೆ ಗಟ್ಟಿಯಾಗಿಯೇ ನಿಂತಿರುತ್ತದೆ.

ಅಕ್ಟೋಬರ್ ಕೊನೆಗೆ, ರಂಜಾನ್ ಶುರುವಾಗುವ ಹೊತ್ತಿಗೆ, ಹನಮಪ್ಪ ತಾನೇ ರಸ್ತೆ ದಾಟಿ ಬಂದ.

"ಮಂಗಳವಾರ ನಿನ್ನ ಹೇಣ್ತಿ ರೇಡಿಯೋದಾಗ ಮಾತಾಡ್ತಾಳಂತ. ಅಲ್ಲಿ ದುಡಿಯಾಕ ಹೋದ ಮಂದಿ ತಮ್ಮ ತಮ್ಮ ಮನಿಯವರಿಗೆ ಮಾತಾಡೂ ಕಾರ್ಯಕ್ರಮ ಅಂತ. ನಮ್ಮ ನಾಕೂವರಿಗೆ ಚಾಲೂ ಆಗಿ ಅವರ ರೋಜಾ ಉಪವಾಸ ಬಿಡೂಮಟ ಇರ್ತೈತಂತ."

"ನನಗ್ಯಾಕ ಹೇಳ್ತೀ?"

"ಹೇಳಂದಾಳ, ಹೇಳೀನಿ. ಫೋನಿಗಂತೂ ಬರೂದಿಲ್ಲ, ರೇಡಿಯೋದ ಮುಂದರ ಕುಂದರ್ತಾರಲ್ಲ ಅಂದ್ಲು."

ಮಜೀದ ಆ ಸಂಜೆಯೇ ಏರಿಯಲ್ಲಿಗೆಂದು ಹೊಸ ತಂತಿ ತೆಗೆದುಕೊಂಡು ಅಂಗಡಿಯ ಹಂಚಿನಿಂದ ಹಿತ್ತಲಿನ ಬೇವಿನ ಮರಕ್ಕೆ ಎಳೆದು ಕಟ್ಟಿದ. ಮಸ್ಕತ್ತಿನ ಕಡೆಯ ಆ ಕೇಂದ್ರವನ್ನು ಹಿಡಿದು, ಮುಳ್ಳು ನಿಂತ ಜಾಗಕ್ಕೆ ಸುಣ್ಣದ ಚುಕ್ಕೆ ಇಟ್ಟ. ಗಿರಣಿಗೂ ಹೋಗಿ ಹನಮಪ್ಪನ ರೇಡಿಯೋವನ್ನು ಅಲ್ಲಿಗೇ ಹಚ್ಚಿಕೊಟ್ಟು ಬಂದ. ಅವನಿಗೆ ತಿಳಿಯಬೇಕಾದದ್ದು ಒಂದೇ ಆಗಿತ್ತು. ಅವಳು ಇನ್ನೂ ಸಿಟ್ಟಿನಲ್ಲಿದ್ದಾಳೋ, ಇಲ್ಲವೋ. ದನಿ ಕೇಳಿದರೆ ಸಾಕು, ಅದರಲ್ಲೇ ಗೊತ್ತಾಗುತ್ತದೆ. ಸಿಟ್ಟಿಲ್ಲವೆಂದರೆ ಬರುವ ಶುಕ್ರವಾರ ತಾನೇ ಹೋಗಿ ಫೋನ್ ಎತ್ತುವುದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಮಂಗಳವಾರ ನಾಲ್ಕೂವರೆಗೆ ಕಾರ್ಯಕ್ರಮ ಶುರುವಾಯಿತು. ದನಿ ಗಾಜಿನಂತೆ ಸ್ವಚ್ಛವಾಗಿತ್ತು. ಕೇರಳದವನೊಬ್ಬ ತಾಯಿಗೆ ಸಲಾಂ ಹೇಳಿದ, ಹೈದರಾಬಾದಿನವನೊಬ್ಬ ಮಗುವಿನ ಹೆಸರು ಹಿಡಿದು ಕರೆದು ಅತ್ತ. ಮೂರನೆಯವನು ಬಾಯಿ ತೆರೆಯುವಷ್ಟರಲ್ಲಿ ರೇಡಿಯೋ ಸತ್ತಿತು. ಬಾವಿಗೆ ಇಳಿದಂತೆ ಅಲ್ಲ, ಯಾರೋ ಬಾಗಿಲು ಹಾಕಿಕೊಂಡಂತೆ. ಮಜೀದ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದ. ಶಾರ್ಟ್ ವೇವ್ ಪಟ್ಟಿಯ ತುಂಬ ಒಂದು ನರಪಿಳ್ಳೆಯ ದನಿ ಇಲ್ಲ. ಮೀಡಿಯಂ ವೇವಿಗೆ ತಿರುವಿದ, ಧಾರವಾಡ ಆಕಾಶವಾಣಿ ಖಣಖಣ ಬಂತು. ಮೆಕ್ಯಾನಿಕ್ ಆದವನು ಯಾರೇ ಆದರೂ ಏನೆಂದುಕೊಂಡಾನು? ಮೀಡಿಯಂ ವೇವ್ ಬರುತ್ತದೆ, ಶಾರ್ಟ್ ವೇವ್ ಬರುವುದಿಲ್ಲ ಎಂದರೆ ದೋಷ ಪೆಟ್ಟಿಗೆಯೊಳಗಿನದು, ಒಂದರಿಂದ ಇನ್ನೊಂದಕ್ಕೆ ತಿರುವುವ ಬ್ಯಾಂಡ್ ಸ್ವಿಚ್ಚಿನದು. ಇಂಥ ನೂರಾರು ಪೆಟ್ಟಿಗೆ ಅವನ ಕೈಯಲ್ಲಿ ದುರಸ್ತಾಗಿದ್ದವು. ಸ್ಕ್ರೂಡ್ರೈವರ್ ಹುಡುಕಬೇಕಾಗಿ ಬರಲಿಲ್ಲ, ಜೇಬಿನಲ್ಲೇ ಇತ್ತು.

ತಡೀರಿ ಎನ್ನುವವಳು ಮನೆಯಲ್ಲಿರಲಿಲ್ಲ.

ಹಿಂಬದಿ ಬಿಚ್ಚಿದ. ಸ್ವಿಚ್ಚು ತೆಗೆದು ಸ್ಪಿರಿಟ್ಟಿನಿಂದ ತೊಳೆದ. ಸರಿಯಾಗಲಿಲ್ಲ. ಒಂದು ಸುರುಳಿಯ ಮೇಲೆ ಸಂಶಯ ಬಂತು, ಬೆಸುಗೆ ಕಾಯಿಸಿ ಅದನ್ನೂ ಬಿಡಿಸಿದ. ರೋಜಾದ ಬಾಯಿ ಒಣಗಿ ಅಂಟುತ್ತಿತ್ತು. ಹೊರಗೆ ಬಿಸಿಲು ಗುಡ್ಡದ ಮೇಲೆ ಹೋಗುವ ಹೊತ್ತಿಗೆ ಮೇಜಿನ ತುಂಬ ರೇಡಿಯೋದ ಕರುಳು ಹರಡಿತ್ತು.

ಆಗ ಹನಮಪ್ಪ ಓಡಿ ಬಂದ. ಆ ಮೈಯಲ್ಲಿ ಅವನು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

"ಮಜೀದಾ, ಬಂತೋ. ನನ್ನ ರೇಡಿಯೋ ತಾನ ಹತ್ತಿತು. ರಹಿಮತಬಿ ಮಾತಾಡಿದ್ಲು. ಕನ್ನಡದಾಗ ಮಾತಾಡಿದ್ಲು."

ಮಜೀದ ಚಪ್ಪಲಿ ಇಲ್ಲದೆ ರಸ್ತೆ ದಾಟಿದ. ಅವನು ಗಿರಣಿಯೊಳಗೆ ಕಾಲಿಡುವಾಗ ರೇಡಿಯೋದಲ್ಲಿ ಬೇರೊಬ್ಬನ ದನಿ ಬರುತ್ತಿತ್ತು.

"ಏನಂದ್ಲು ಹನಮಣ್ಣ?"

"ಗಿರಣಿ ಜೋರಲೇ ನಡದಿತ್ತಪಾ. ಬಂದ್ ಮಾಡೂದರಾಗ ಮುಗೀತು. ಮಾತು ತಿಳೀಲಿಲ್ಲ." ಹನಮಪ್ಪ ಕಣ್ಣು ಒರೆಸಿಕೊಂಡ, ಹಿಟ್ಟೋ ನೀರೋ. "ಕೊನಿಗೆ ನಕ್ಕಳು."

ನಕ್ಕಳು ಎಂಬುದೊಂದು ಮಜೀದನಿಗೆ ದಕ್ಕಿತು. ಗಿರಣಿಯ ಹೊಸ್ತಿಲಲ್ಲೇ ಕುಳಿತು ಹನಮಪ್ಪ ಕೊಟ್ಟ ನೀರಿನಲ್ಲಿ ರೋಜಾ ಬಿಟ್ಟ. ಇದೇ ಕಾರ್ಯಕ್ರಮ ನಾಳೆ ಇದೇ ಹೊತ್ತಿಗೆ ಮತ್ತೊಮ್ಮೆ ಬರುತ್ತದೆ ಎಂದು ರೇಡಿಯೋದವನು ಹೇಳಿದಾಗ, ಇಬ್ಬರೂ ಹುಡುಗರ ಹಾಗೆ ಕೈ ಕೈ ಹಿಡಿದುಕೊಂಡರು.

ಬುಧವಾರ ಮಜೀದ ಒಂದಲ್ಲ, ಮೂರು ರೇಡಿಯೋ ಸಾಲಾಗಿ ಇಟ್ಟ. ತನ್ನ ಪೆಟ್ಟಿಗೆಯನ್ನು ಬೆಳಗ್ಗೆಯೇ ಕೂಡಿಸಿ ಹಿಂಬದಿ ಬಿಗಿದಿದ್ದ. ಹನಮಪ್ಪ ಗಿರಣಿ ಬಂದ್ ಮಾಡಿ, ಜೋಳ ತಂದವರನ್ನು ಬೈದು ಹೊರಗೆ ನಿಲ್ಲಿಸಿ, ಬಂದು ಪಕ್ಕದಲ್ಲಿ ಕುಳಿತ. ಮೂರರಲ್ಲೂ ಬಂದದ್ದು ಒಂದೇ, ಹೆಂಚಿನ ಮೇಲೆ ನೀರು ಚಿಮುಕಿಸಿದಂಥ ಚರಚರ. ನಡುನಡುವೆ ಒಂದು ದನಿ ತಲೆ ಎತ್ತುವುದು, ಮುಳುಗುವುದು. ಗಂಡಸೋ ಹೆಂಗಸೋ ತಿಳಿಯದು. ಮಜೀದ ಈ ಸಲ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕಾದ. ಮಸೀದಿಯ ಬಾಂಗ್ ಆಗುವವರೆಗೂ ಕಾದ. ದನಿ ಬರಲಿಲ್ಲ. ನಿನ್ನೆ ಕಾಯಬೇಕಾಗಿತ್ತು, ಬಿಚ್ಚಿದ. ಇವತ್ತು ಕಾದ, ಕಾದದ್ದಕ್ಕೆ ಏನೂ ಸಿಗಲಿಲ್ಲ.

"ಹೋಗಲಿ ಬಿಡ," ಎಂದ ಹನಮಪ್ಪ. "ನಾಡದು ಶುಕ್ರವಾರ ಫೋನಿಗೆ ನೀನ ಬಾ. ಆಕೀನ್ನ ಕೇಳಿದ್ರಾತು."

ಶುಕ್ರವಾರ ಮಜೀದ ನಮಾಜು ಮುಗಿಸಿ, ತೊಳೆದ ಅಂಗಿ ಹಾಕಿಕೊಂಡು, ಗಿರಣಿಗೆ ಹೋಗಿ ಫೋನಿನ ಪಕ್ಕದ ಚೀಲದ ಮೇಲೆ ಕುಳಿತ. ಏನು ಹೇಳಬೇಕೆಂದು ಹಿಂದಿನ ರಾತ್ರಿಯಿಂದ ಬಾಯಿಪಾಠ ಮಾಡಿದ್ದ. ಮೊದಲ ಗಂಟೆಗೇ ಎತ್ತಿದ. ಅವಳು ಹೋದಮೇಲೆ ಅವನು ಫೋನ್ ಎತ್ತಿದ್ದು ಅದೇ ಮೊದಲು. ಆ ಕಡೆ ಇದ್ದವಳು ಮಾಸುಮಬಿ. ಹಿಂದಿನ ಸಂಜೆ ಎಲ್ಲರಿಗೂ ರೋಜಾದ ತಟ್ಟೆ ಹಚ್ಚಿ ಕೊಟ್ಟ ರಹಿಮತಬಿ ಎದೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಳಂತೆ. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮಣ್ಣೂ ಅಲ್ಲೇ ಆಯಿತು.

ಬಾಯಿಪಾಠ ಮಾಡಿದ್ದ ಮಾತು ಬಾಯಲ್ಲೇ ಇತ್ತು. ಅದನ್ನು ಈಗ ಯಾರಿಗೆ ಹೇಳುವುದು? ಅವನು ಅಳಲಿಲ್ಲ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಕಲ್ಲು ಮನಸ್ಸಿನವ ಎಂದರು. ಅವರೇನು ಬಲ್ಲರು. ಅವನ ಒಳಗೆ ಅಳುವಿಗಿಂತ ಮೊದಲು ಒಂದು ಪ್ರಶ್ನೆ ಬಂದು ಕುಳಿತಿತ್ತು: ಅವಳು ಅಂದದ್ದೇನು?

ರಾಜೂರ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಸಿದ್ದರಾಮೇಶ ಅವನ ಹಳೆಯ ಗಿರಾಕಿ. ಮಜೀದ ಅವರಿಂದ ಆ ರೇಡಿಯೋ ಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಸಿದ. ಅಂಥ ಸಲಾಮುಗಳ ಟೇಪು ಇಟ್ಟುಕೊಳ್ಳುವುದಿಲ್ಲ, ಅದರ ಮೇಲೆಯೇ ಬೇರೆಯದನ್ನು ತುಂಬಿಸುತ್ತೇವೆ ಎಂದು ಸಭ್ಯವಾದ ಉತ್ತರ ಬಂತು. ಉತ್ತರ ಓದಿ ಹೇಳಲು ಬಂದ ದಿನ ಮಾಸ್ತರು ಬಹಳ ಹೊತ್ತು ಎದ್ದು ಹೋಗಲಿಲ್ಲ.

"ಆ ಎರಡ ದಿನ ಶಾರ್ಟ್ ವೇವಿಗೆ ಏನಾಗಿತ್ರಿ ಮಾಸ್ತರ?" ಎಂದು ಮಜೀದ ಕೇಳಿದ. "ಮೊದಲನೇ ದಿನ ಪೆಟಗೀದ ದೋಷ ಅಂದುಕೊಂಡೆ. ಮರುದಿನ ಮೂರೂ ಪೆಟಗಿ ಹಾಂಗ ಆದ್ವು."

"ಪೇಪರಿನ್ಯಾಗ ಬಂದಿತ್ತಲ್ರಿ. ಸೂರ್ಯನ ಮೈಮ್ಯಾಲೆ ಭಾಳ ದೊಡ್ಡ ಸ್ಫೋಟ ಆಗಿತ್ತು. ಅದರ ಬೆಳಕು ಎಂಟ ನಿಮಿಷಕ್ಕ ನಮಗ ಮುಟ್ಟತೈತಿ. ಶಾರ್ಟ್ ವೇವ್ ಮ್ಯಾಲಿನ ಆಕಾಶಕ್ಕ ಬಡದು ತಿರುಗಿ ಬರೂದು ನಿಮಗ ಗೊತ್ತೈತಿ. ಅಂಥಾ ಬೆಳಕು ಬಿದ್ರ, ಹಗಲಿದ್ದ ಕಡೆ ಆಕಾಶ ಆ ಅಲೆ ನುಂಗಿಬಿಡತೈತಿ. ತಾಸು ಎರಡು ತಾಸಿನ್ಯಾಗ ಜೋರು ಇಳದು ತಾನ ಸರಿ ಆಗತೈತಿ."

"ತಾನ?"

"ತಾನ. ಯಾರೂ ಏನೂ ಮಾಡಬೇಕಾಗಿಲ್ಲ."

ಮಜೀದ ಮೇಜಿನ ಅಂಚು ಹಿಡಿದುಕೊಂಡ. "ಬುಧವಾರದ್ದು?" ಎಂದ.

"ಅದು ಬ್ಯಾರೆ. ಸ್ಫೋಟದಾಗ ಸೂರ್ಯ ತನ್ನ ಮೈಯಿಂದ ಕಾದ ಮೋಡದಂಥಾದ್ದೊಂದನ್ನ ಉಗುಳ್ತಾನ. ಅದು ಬೆಳಕಿನ ಹಿಂದ ಬರ್ತೈತಿ. ಸಾಮಾನ್ಯ ಎರಡು ಮೂರು ದಿನ ಹಿಡೀತೈತಿ. ನಡುವಿನ ಬಯಲು ಖಾಲಿ ಇಲ್ರಿ. ಸೂರ್ಯನಿಂದ ಒಂದು ಗಾಳಿ ಹಗಲೂ ರಾತ್ರಿ ಎಲ್ಲಾ ಕಡೆ ಬೀಸತಿರ್ತೈತಿ. ಮೋಡ ಆ ಗಾಳಿಕಿಂತ ಜೋರು ಹೊಂಟ್ರ, ಗಾಳಿ ಹಿಡದು ಜಗ್ಗಿ ನಿಧಾನ ಮಾಡತೈತಿ. ಮೆತ್ತಗ ಹೊಂಟಿದ್ರ ಅದ ಗಾಳಿ ದಬ್ಬಿಕೊಂಡು ಬರ್ತೈತಿ. ಕಡೀಕೆ ಜೋರಿಂದೂ ಮೆತ್ತಗಿಂದೂ ಆ ಗಾಳಿಯ ವೇಗದ ಹತ್ತರ ಬರ್ತಾವು."

"ಮತ್ತ ಇದು ಒಂದ ದಿನಕ್ಕ ಹ್ಯಾಂಗ ಬಂತು?"

"ಇದರ ಮುಂದ ಬ್ಯಾರೆ ಮೋಡ ಹಾದು ಹೋಗಿದ್ವು. ದಾರ್ಯಾಗಿನ ಗಾಳಿ ಗುಡಿಸಿಕೊಂಡು ಹೋಗಿದ್ವು. ಇದನ್ನ ಹಿಡದು ಜಗ್ಗಾಕ ಅಲ್ಲಿ ಏನೂ ಉಳದಿರಲಿಲ್ಲ. ಬಂದು ಭೂಮಿಗೆ ಅಪ್ಪಳಿಸಿತು, ಮ್ಯಾಲಿನ ಆಕಾಶ ಕಲಕಿ ಹೋತು."

ಮಜೀದ ಯೋಚಿಸಿದ. "ಮಳಿಗಾಲದಾಗ ಪುರ್ತಗೇರಿ ಊರ ಕಡಿ ಕರಿಮಣ್ಣಿನ ಎರಿ ಹೊಲದ ದಾರಿ ನೋಡೀರಲ್ರಿ. ಮುಂದಿನ ಚಕ್ಕಡಿ ರಾಡಿ ತುಳಕೋತ ಹೋಗಿರ್ತೈತಿ. ಹಿಂದಿಂದು ಅದ ಜಾಡಿನ್ಯಾಗ ಲಗೂನ ಬಂದುಬಿಡತೈತಿ. ಹಿಂಗ ಅನ್ರಿ."

"ಹಿಂಗ ಅನ್ರಿ."

"ಮುಂದಿನವು ಹೋಗದ ಇದ್ದಿದ್ರ?"

"ಗಾಳಿ ಇದನ್ನ ತಡೀತಿತ್ತು. ಗುರುವಾರಕ್ಕೋ ಶುಕ್ರವಾರಕ್ಕೋ ಬರ್ತಿತ್ತು."

"ಅಂದ್ರ ಬುಧವಾರ ಆಕೀ ಆವಾಜ ಕೇಳತಿತ್ತು."

ಮಾಸ್ತರಿಗೆ ತಾನೇನು ಹೇಳಿಬಿಟ್ಟೆ ಎಂಬುದು ಆಗ ಹೊಳೆಯಿತು. ಅವರು ಚಹದ ಲೋಟ ಕೆಳಗಿಟ್ಟು, "ಕೇಳತಿತ್ತೋ ಏನೋ, ಹೇಳಾಕ ಬರೂದಿಲ್ಲ ಮಜೀದಸಾಬ್ರ," ಎಂದರು. ಆ ಸುಳ್ಳು ಮಜೀದನಿಗೆ ನಾಟಲಿಲ್ಲ.

ಅಂದಿನಿಂದ ಮಜೀದನಿಗೆ ಸೂರ್ಯನ ಗಾಳಿಯ ಹುಚ್ಚು ಹಿಡಿಯಿತೆಂದು ಊರು ನಕ್ಕಿತು. ಗುಡ್ಡದ ಮೇಲೆ ವಿದ್ಯುತ್ತಿನ ಗಾಳಿ ಕಂಬಗಳು ಏಳುತ್ತಿದ್ದ ಕಾಲ. ಮಂದಿ ಅವುಗಳ ರೆಕ್ಕೆ ನೋಡಲು ಹೋದರೆ ಇವನು ಅವುಗಳ ಮೇಲಿನ ಆಕಾಶ ನೋಡುತ್ತಿದ್ದ. "ಇವತ್ತ ಸೂರ್ಯನ ಗಾಳಿ ಹ್ಯಾಂಗೈತೋ ಮಜೀದ?" ಎಂದು ಚಹದಂಗಡಿಯಲ್ಲಿ ಕೆಣಕುವವರಿಗೆ, ಮಾಸ್ತರು ಪೇಪರಿನಲ್ಲಿ ಓದಿ ಹೇಳಿದ್ದನ್ನು ಸಮಾಧಾನದಿಂದಲೇ ಹೇಳುತ್ತಿದ್ದ. ನಕ್ಕವರ ಮೇಲೆ ನನಗೆ ಸಿಟ್ಟು ಬರುತ್ತದೆ, ಅವನಿಗೆ ಬರುತ್ತಿರಲಿಲ್ಲ. ಹೆಂಡತಿಯ ದನಿ ಯಾವ ದಾರಿಯಲ್ಲಿ ಹೋಯಿತೆಂದು ಒಬ್ಬ ಗಂಡ ತಿಳಿದುಕೊಳ್ಳಬಾರದೇ? ತಪ್ಪನ್ನು ಸೂರ್ಯನ ಮೇಲೆ ಹಾಕಿ ಹಗುರಾಗುವವನೂ ಅಲ್ಲ ಅವನು. ಬುಧವಾರ ಸೂರ್ಯನದು. ಮಂಗಳವಾರ ತನ್ನದು.

ಎರಡು ವರ್ಷದ ಮೇಲೆ ಮಾಸುಮಬಿ ಊರಿಗೆ ಮರಳಿದಳೆಂದು ಸುದ್ದಿ ಬಂತು. ಮಜೀದ ರೋಣದ ಮೇಲೆ ಹಾದು ನರಗುಂದಕ್ಕೆ ಹೋದ. ಅವಳು ರಹಿಮತಬಿಯ ಒಂದು ಓಢಣಿ, ಒಂದು ಜಪಮಾಲೆ ತೆಗೆದಿಟ್ಟಿದ್ದಳು. ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ಮಜೀದ ಕೇಳಿದ.

"ರೇಡಿಯೋದವರು ಬಂದಾಗ ನೀ ಅಲ್ಲೇ ಇದ್ದೇನ ತಂಗಿ?"

"ಬಾಜೂಕ ನಿಂತಿದ್ದೆ ಭಾಯ್. ಯಾಕ, ನೀವು ಕೇಳಲಿಲ್ಲೇನ? ಕೇಳೇ ಇರ್ತಾರ ಅಂತ ಆಕೀ ಸಾಯೂಮಟ ಅನಕೋತ ಇದ್ಲು. ಶುಕ್ರವಾರ ಫೋನಿಗೆ ಬಂದ ಬರ್ತಾರ ನೋಡ ಅಂದಿದ್ಲು."

ಮಜೀದ ಇಲ್ಲವೆಂದು ತಲೆ ಅಲ್ಲಾಡಿಸಿದ. ಅವಳಿಗೆ ಅಳು ಬಂತು.

"ಏನಂದ್ಲು?"

"ಮೊದಲ ಉರ್ದೂದಾಗ ಎಲ್ಲಾರಿಗೂ ಸಲಾಂ ಹೇಳಿದ್ಲು. ಆಮ್ಯಾಲೆ ಕನ್ನಡಕ್ಕ ಹೊಳ್ಳಿದ್ಲು. ರೇಡಿಯೋದವರು ಬ್ಯಾಡ ಅಂದ್ರೂ ಕೇಳಲಿಲ್ಲ." ಮಾಸುಮಬಿ ಅಳುತ್ತಲೇ ನಕ್ಕಳು. "ನಿಮ್ಮ ಚ್ಯಾಷ್ಟಿ ಮಾಡಿದ್ಲು ಭಾಯ್. 'ಏನ್ರಿ, ನಡುವ ನನ್ನ ಆವಾಜ ಹೋತು ಅಂದ್ರ ಪೆಟಗಿ ಬಿಚ್ಚಿಕೊಂಡು ಕುಂದರಬ್ಯಾಡ್ರಿ. ಸುಮ್ನ ತಡೀರಿ. ನಾ ಇನ್ನೂ ಮಾತಾಡಾಕತ್ತೇನಿ' ಅಂದ್ಲು. ಅಂದು ನಕ್ಕಳು."

ಮಜೀದ ಅಲ್ಲೇ, ಪರರ ಮನೆಯ ಪಡಸಾಲೆಯಲ್ಲಿ, ಎರಡು ವರ್ಷ ಅಳದೇ ಉಳಿದದ್ದನ್ನೆಲ್ಲ ಅತ್ತ. ಓಢಣಿಯಲ್ಲಿ ಮುಖ ಮುಚ್ಚಿಕೊಂಡು, ಹೆಣ್ಣುಮಕ್ಕಳು ಅಳುವಂತೆ ದನಿ ತೆಗೆದು ಅತ್ತ. ಮಾಸುಮಬಿ ತಡೆಯಲಿಲ್ಲ.

ಸಂಜೆ ಊರಿಗೆ ಬಂದು ಅಂಗಡಿಯ ಬಾಗಿಲು ತೆರೆದ. ಹಳೆಯ ಪೆಟ್ಟಿಗೆಯ ಧೂಳು ಒರೆಸಿ, ಸುಣ್ಣದ ಚುಕ್ಕೆಗೆ ಮುಳ್ಳು ತಂದು ನಿಲ್ಲಿಸಿದ. ಯಾರೋ ಹಾಡುತ್ತಿದ್ದರು. ಹಾಡು ಮೆಲ್ಲಗೆ ಇಳಿಯಿತು, ಇಳಿದು ಚರಚರ ಅಷ್ಟೇ ಉಳಿಯಿತು. ಗಿರಣಿ ಬಂದ್ ಮಾಡಿ ಮನೆಗೆ ಹೊರಟಿದ್ದ ಹನಮಪ್ಪ ಬಾಗಿಲಲ್ಲಿ ನಿಂತ.

"ಯಾಕೋ, ಕೆಟ್ಟೈತೇನ?"

"ಇಲ್ಲ," ಎಂದ ಮಜೀದ. ಅವನ ಎರಡೂ ಕೈ ತೊಡೆಯ ಮೇಲಿದ್ದವು. "ಬಾ, ಕುಂದರ. ಸ್ವಲ್ಪ ತಡಿ."